ದುಷ್ಟಪ್ರಭುವೂ ಧರ್ಮವಾದಿಯೂ: ಗುಹಾರಣ್ಯಕ್ಷೇತ್ರದ ಪುರಾಣ ಮತ್ತು ಕಲ್ಯಾಣದ ವೃತ್ತಾಂತ

೧

ದಂಡವು ರಾಜನ ಆಯುಧ, ವಾಕ್ಕು ಋಷಿಯ ಆಯುಧ ಎಂಬ ಭಾವನೆಯು ಭಾರತೀಯ ಪುರಾಣಗಳಲ್ಲೆಲ್ಲ ಹಾಸುಹೊಕ್ಕಾಗಿ ಬಂದಿದೆ. ಇವೆರಡೂ ಒಂದಕ್ಕೊಂದು ಆಸರೆಯಾಗಿ ನಿಂತ ಕಾಲವನ್ನು ಪೌರಾಣಿಕರು ಸುಭಿಕ್ಷಕಾಲವೆಂದು ನಾಲ್ಕು ಮಾತಿನಲ್ಲಿ ವರ್ಣಿಸಿ ಮುಂದೆ ಸಾಗುತ್ತಾರೆ. ಅವುಗಳಿಗೆ ಪರಸ್ಪರ ವಿರೋಧವೊದಗಿದ ಪ್ರಸಂಗಗಳಲ್ಲಾದರೆ ಕಥೆಯು ನಿಂತು, ವಿಸ್ತಾರಗೊಂಡು, ಪ್ರಶ್ನೋತ್ತರಗಳಿಂದ ತುಂಬಿ ಬೆಳೆಯುತ್ತದೆ. ವೇನ, ನಹುಷ, ಹಿರಣ್ಯಕಶಿಪು, ಕಾರ್ತವೀರ್ಯ ಮೊದಲಾದವರ ಉಪಾಖ್ಯಾನಗಳೆಲ್ಲ ಈ ಜಾತಿಗೆ ಸೇರಿದುವು. ಅಧಿಕಾರವನ್ನು ಪಡೆದವನು ಧರ್ಮವನ್ನಾಡುವವನನ್ನು ಹಿಂಸಿಸಿದರೆ ಏನಾಗುತ್ತದೆ, ಹಿಂಸೆಗೆ ಗುರಿಯಾದವನು ಏನನ್ನು ಮಾಡತಕ್ಕದ್ದು, ಅವನ ಅನುಯಾಯಿಗಳು ಏನನ್ನು ಮಾಡಬಾರದು ಎಂಬ ಮೂರು ಪ್ರಶ್ನೆಗಳೇ ಇವುಗಳ ಸಾರವೆನ್ನಬಹುದು.

ಕನ್ನಡ ನಾಡಿನಲ್ಲಿ ಈ ಪ್ರಶ್ನೆಗಳನ್ನು ವಿಚಾರಿಸುವುದಕ್ಕೆ ತುಂಗಭದ್ರೆಯ ದಡದ ಹರಿಹರಕ್ಕಿಂತ ತಕ್ಕ ಸ್ಥಳವು ಅಪೂರ್ವ. ದಾವಣಗೆರೆಯಿಂದ ಪಶ್ಚಿಮಕ್ಕೆ ಸುಮಾರು ೧೪ ಕಿಲೋಮೀಟರು ದೂರದಲ್ಲಿರುವ ಈ ಕ್ಷೇತ್ರದ ಹೆಸರೇ ಒಬ್ಬ ಪ್ರಜಾಪೀಡಕನ ವಧೆಯ ಕಥೆಯಿಂದ ಬಂದುದು. ಇಲ್ಲಿಯ ಶಿಲಾಶಾಸನಗಳಲ್ಲಿ, ಮುಂದೆ ವೀರಶೈವ ಪುರಾಣಗಳಲ್ಲಿ ದುಷ್ಟಪ್ರಭುವೆಂದು ಚಿತ್ರಿತನಾದ ಬಿಜ್ಜಳನ ವಂಶದ ಸುದ್ದಿಯೂ ಉಂಟು. ಆ ಬಿಜ್ಜಳನ ಕಾಲದ ಶರಣರ ಸ್ಮರಣೆಯನ್ನು ೨೦ನೆಯ ಶತಮಾನದಲ್ಲಿ ಬಹಿರಂಗ ಉತ್ಸವವಾಗಿ ಆರಂಭಿಸಿದ ಕೀರ್ತಿಯು ನೆರೆಯ ದಾವಣಗೆರೆಗೆ ಸಲ್ಲುತ್ತದೆ. ಹೀಗೆ ಪುರಾಣ, ಶಾಸನ, ಲೋಕಸ್ಮೃತಿ ಎಂಬ ಮೂರು ಬಗೆಯ ಸಾಕ್ಷ್ಯವೂ ಇಷ್ಟು ಸಮೀಪದಲ್ಲಿ ಕೂಡಿರುವುದರಿಂದ, ಒಂದನ್ನು ಇನ್ನೊಂದರ ಒರೆಗೆ ಹಚ್ಚಿ ನೋಡುವುದು ಸುಲಭವಾಗುತ್ತದೆ.

೨

ಮೊದಲು ಕ್ಷೇತ್ರಪುರಾಣವನ್ನು ನೋಡಬೇಕು. ಗುಹನೆಂಬ ಅಸುರನು ಈ ಪ್ರಾಂತದಲ್ಲಿ ನೆಲೆಯೂರಿದ್ದನು. ಪೂರ್ವಕ್ಕೆ ಉಚ್ಚಂಗಿದುರ್ಗ, ದಕ್ಷಿಣಕ್ಕೆ ಹೊನ್ನಾಳಿಯ ಕಡೆಯ ಗೋವಿನಕೋವಿ, ಪಶ್ಚಿಮಕ್ಕೆ ಮುದನೂರು, ಉತ್ತರಕ್ಕೆ ಐರಣಿ, ಇವು ಅವನ ಸೀಮೆಯ ಎಲ್ಲೆಗಳು. ಅವನು ಉಗ್ರತಪಸ್ಸಿನಿಂದ ಬ್ರಹ್ಮನನ್ನು ಮೆಚ್ಚಿಸಿ, ಹರಿಯಿಂದಲಾಗಲಿ ಹರನಿಂದಲಾಗಲಿ ತನಗೆ ಮರಣವಿಲ್ಲದಂತೆ ವರವನ್ನು ಪಡೆದನು. ವರಬಲದಿಂದ ಮದಿಸಿ ದೇವತೆಗಳನ್ನೂ ಮನುಷ್ಯರನ್ನೂ ಪೀಡಿಸತೊಡಗಲು, ಹರಿಹರರಿಬ್ಬರೂ ಒಂದೇ ಮೂರ್ತಿಯಾಗಿ ತುಂಗಭದ್ರಾ ಹರಿದ್ರೆಗಳ ಸಂಗಮದಲ್ಲಿ ಅವತರಿಸಿ ಅವನನ್ನು ಸಂಹರಿಸಿದರು. ಪ್ರಾಣವು ಹೋಗುವ ಹೊತ್ತಿಗೆ ಗುಹನು ಈ ಸ್ಥಳಕ್ಕೆ ತನ್ನ ಹೆಸರಿರಬೇಕೆಂದು ಬೇಡಿಕೊಂಡನು. ಅದರಿಂದಲೇ ಇದು ಗುಹಾರಣ್ಯಕ್ಷೇತ್ರವಾಯಿತು. ಸಂಗಮಸ್ಥಾನವಾದುದರಿಂದ ಶಾಸನಗಳಲ್ಲಿ ಇದಕ್ಕೆ ಕೂಡಲೂರೆಂಬ ಹೆಸರೂ ಉಂಟು.

ಈ ಚಿಕ್ಕ ಕಥೆಯಲ್ಲಿ ಗಮನಿಸತಕ್ಕ ಅಂಶಗಳು ಮೂರು. ಮೊದಲನೆಯದು, ಗುಹನ ಸೀಮೆಯು ಭೂಗೋಳದಲ್ಲಿ ತೋರಿಸಬಹುದಾದ ಊರು ಕೋಟೆಗಳಿಂದ ಎಲ್ಲೆಗಟ್ಟಿದುದು. ಹಿರಣ್ಯಕಶಿಪುವು ಮೂರು ಲೋಕಗಳನ್ನು ಆಳಿದವನು; ಗುಹನಾದರೋ ಒಂದು ನಾಡನ್ನು ಮಾತ್ರ. ಪೂರ್ವದ ಎಲ್ಲೆಯಾದ ಉಚ್ಚಂಗಿಯು ೧೨ನೆಯ ಶತಮಾನದಲ್ಲಿ ನೊಳಂಬವಾಡಿಯನ್ನಾಳಿದ ಪಾಂಡ್ಯರ ರಾಜಧಾನಿಯಾಗಿತ್ತೆಂಬುದನ್ನು ನೆನೆದರೆ, ಕಥೆಯನ್ನು ಕಟ್ಟಿದವರ ಮನಸ್ಸಿನಲ್ಲಿ ಅಸುರನ ಆಕಾರದ ಹಿಂದೆ ನಾಡೊಡೆಯನ ಆಕಾರವೂ ಸುಳಿದಿದ್ದಿತೆಂದು ಊಹಿಸುವುದಕ್ಕೆ ಅವಕಾಶವುಂಟು. ಅವನು ಇಂಥ ಅರಸನೇ ಎಂದು ಹೆಸರಿಸುವುದಕ್ಕೆ ಮಾತ್ರ ಆಧಾರವಿಲ್ಲ. ಅಂಥ ಸಾಹಸವನ್ನು ಮಾಡದಿರುವುದೇ ಲೇಸು.

ಎರಡನೆಯದು ವರದ ಸ್ವರೂಪ. ಹಿರಣ್ಯಕಶಿಪುವಿನ ವರವು ಒಳಗೂ ಅಲ್ಲ ಹೊರಗೂ ಅಲ್ಲ, ಹಗಲೂ ಅಲ್ಲ ಇರುಳೂ ಅಲ್ಲ ಎಂಬ ಸಂಧಿಯಲ್ಲಿ ಮುರಿಯಿತು. ಗುಹನ ವರವು ಮುರಿದುದು ಬೇರೊಂದು ಬಗೆಯ ಸಂಧಿಯಲ್ಲಿ. ಹರಿಯು ಪ್ರತ್ಯೇಕನಾಗಿಯೂ ಹರನು ಪ್ರತ್ಯೇಕನಾಗಿಯೂ ಇರುವವರೆಗೆ ಅವನಿಗೆ ಭಯವಿಲ್ಲ. ಅಂದರೆ ಅವನ ಬಲವೆಲ್ಲ ಸಜ್ಜನರ ಉಪಾಸ್ಯಗಳ ನಡುವಿನ ಭೇದದಲ್ಲಿ ನೆಲೆಸಿದ್ದಿತು. ಭೇದವು ಅಳಿದ ಕ್ಷಣದಲ್ಲಿ ವರವು ಅಕ್ಷರಶಃ ಉಳಿದುಕೊಂಡೇ ನಿರರ್ಥಕವಾಯಿತು. ಪ್ರಜಾಪೀಡಕನ ಆಯುಷ್ಯವನ್ನು ಅಳೆಯುವ ಕೋಲು ಅವನ ಭುಜಬಲವಲ್ಲ, ಪೀಡಿತರ ಪರಸ್ಪರವೈರ ಎಂಬ ರಾಜನೀತಿಯನ್ನು ಇದಕ್ಕಿಂತ ಸಂಕ್ಷೇಪವಾಗಿ ಹೇಳುವುದು ಕಷ್ಟ.

ಮೂರನೆಯದು ಹೆಸರಿನ ವಿಚಾರ. ಕೊಂದವರ ಹೆಸರು ದೇವರಿಗೂ, ಕೊಲ್ಲಲ್ಪಟ್ಟವನ ಹೆಸರು ಕ್ಷೇತ್ರಕ್ಕೂ ನಿಂತವು. ಸಂಹಾರದೊಡನೆ ದ್ವೇಷವೂ ಮುಗಿಯತಕ್ಕದ್ದೆಂಬ ಅಭಿಪ್ರಾಯವು ಇದರಲ್ಲಿ ಅಡಗಿದೆ. ಈ ಅಂಶವು ಮುಂದೆ ಕಲ್ಯಾಣದ ಪ್ರಸಂಗವನ್ನು ವಿಚಾರಿಸುವಾಗ ಮತ್ತೆ ಉಪಯೋಗಕ್ಕೆ ಬರುತ್ತದೆ.

ಹರಿಹರಮೂರ್ತಿಯ ಕಲ್ಪನೆಯು ಈ ಊರಿನಲ್ಲಿ ಹೊಸದಾಗಿ ಹುಟ್ಟಿದುದಲ್ಲ. ೬ನೆಯ ಶತಮಾನದ ಬಾದಾಮಿಯ ಮೊದಲನೆಯ ಗುಹಾಲಯದಲ್ಲಿ ಹರಿಹರನ ದೊಡ್ಡ ಶಿಲ್ಪವಿರುವುದು ವಿದ್ವಾಂಸರಿಗೆ ವಿದಿತವೇ. ಆದರೆ ಈಗಿನ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಥನಾದ ಪೋಲಾಳ್ವನು ೧೨೨೩–೨೪ರಲ್ಲಿ ಕಟ್ಟಿಸಿದ ಕಾಲವು ವಿಶೇಷವಾಗಿ ಗಮನಾರ್ಹವಾದುದು. ಅದಕ್ಕೆ ಹಿಂದಿನ ನೂರು ವರ್ಷಗಳಲ್ಲಿ ಕನ್ನಡ ನಾಡು ಶ್ರೀವೈಷ್ಣವ, ಶೈವ, ವೀರಶೈವ, ಜೈನ ಮತಗಳ ವಾದ ಪ್ರತಿವಾದಗಳಿಂದ ಕಲಕಿಹೋಗಿದ್ದಿತು. ಹೊಯ್ಸಳ ಸೇವುಣರ ಗಡಿಯ ಕಲಹಗಳೂ ಇದೇ ನದಿಯ ಆಸುಪಾಸಿನಲ್ಲಿ ನಡೆದವು. ಅಂಥ ಎಡೆಯಲ್ಲಿ ಬಲಭಾಗವು ಶಿವನಾಗಿಯೂ ಎಡಭಾಗವು ವಿಷ್ಣುವಾಗಿಯೂ ಇರುವ ಮೂರ್ತಿಗೆ ದಂಡನಾಯಕನೊಬ್ಬನು ಭವ್ಯಮಂದಿರವನ್ನೆತ್ತಿಸಿದುದು ಭಕ್ತಿಕಾರ್ಯವಾಗಿರುವಂತೆ ವಿವೇಕದ ಕಾರ್ಯವೂ ಆಗಿದೆ. ಅನಂತರ ೧೨೬೮ರಲ್ಲಿ, ಮುಮ್ಮಡಿ ನರಸಿಂಹನ ಕಾಲದಲ್ಲಿ, ಸೋಮನಾಥಪುರದ ನಿರ್ಮಾತೃವಾದ ಸೋಮ ದಂಡನಾಥನು ಈ ದೇವಾಲಯಕ್ಕೆ ಗೋಪುರವನ್ನು ಸೇರಿಸಿದನು.

ಕ್ಷೇತ್ರದ ಶಾಸನಗಳು ದುಷ್ಟಪ್ರಭುವಿನ ಕಥೆಗೆ ಪ್ರತಿಯಾಗಿ ಸತ್ಪ್ರಭುವಿನ ಲಕ್ಷಣವನ್ನೂ ಒದಗಿಸುತ್ತವೆ. ವಿಜಯನಗರದ ಒಂದನೆಯ ದೇವರಾಯನ ಕಾಲದಲ್ಲಿ, ೧೪೧೦ರಲ್ಲಿ, ಹರಿದ್ರಾನದಿಗೆ ಅಣೆಕಟ್ಟನ್ನು ಕಟ್ಟಿ ಕಾಲುವೆಯನ್ನು ತಂದರು. ಆ ಕಟ್ಟೆಯು ಒಡೆದುಹೋಗಲು ೧೪೨೪ರಲ್ಲಿ ಮತ್ತೆ ಕಟ್ಟಿಸಿದರು. ನೀರನ್ನು ತಂದವನ ಹೆಸರನ್ನು ಕಲ್ಲಿನಲ್ಲಿ ಬರೆಯುವುದೂ, ಪ್ರಜೆಯನ್ನು ಪೀಡಿಸಿದವನ ಹೆಸರನ್ನು ಪುರಾಣದಲ್ಲಿ ಹೇಳುವುದೂ ಒಂದೇ ಊರಿನಲ್ಲಿ ಕಾಣುವುದು ಅರ್ಥವತ್ತಾಗಿದೆ.

೩

ಗುಹನ ಕಥೆಯಲ್ಲಿ ಪೀಡಿತರಾದ ಮಹರ್ಷಿಗಳ ಮಾತು ಕೇಳಬರುವುದಿಲ್ಲ. ಅದನ್ನು ಕೇಳಬೇಕಾದರೆ ಮಹಾಪುರಾಣಗಳ ಕಡೆಗೆ ತಿರುಗಬೇಕು.

ವೇನನು ಪಟ್ಟಕ್ಕೆ ಬಂದೊಡನೆ ಯಜ್ಞ, ದಾನ, ಹೋಮಗಳನ್ನು ನಿಷೇಧಿಸಿ, ಸಕಲದೇವತೆಗಳೂ ರಾಜಶರೀರದಲ್ಲಿರುವುದರಿಂದ ತನ್ನನ್ನೇ ಪೂಜಿಸತಕ್ಕದ್ದೆಂದು ಸಾರಿದನು. ಭಾಗವತದ ನಾಲ್ಕನೆಯ ಸ್ಕಂಧದಲ್ಲಿ ಋಷಿಗಳು ಕೂಡಲೆ ಶಪಿಸಲಿಲ್ಲ. ಅರಸನಿದ್ದರೆ ಅವನಿಂದಲೂ, ಇಲ್ಲದಿದ್ದರೆ ಕಳ್ಳರಿಂದಲೂ ಪ್ರಜೆಗೆ ಭಯವೆಂಬ ಉಭಯಸಂಕಟವನ್ನು ಅವರು ಮೊದಲು ಪರ್ಯಾಲೋಚಿಸಿದರು. ಆಮೇಲೆ ಕೋಪವನ್ನು ಮರಸಿಕೊಂಡು ಸಾಮದಿಂದ ಬುದ್ಧಿಹೇಳಿದರು. ಅದು ವ್ಯರ್ಥವಾದ ಮೇಲೆಯೇ ಹುಂಕಾರದಿಂದ ಅವನನ್ನು ಕೊಂದರು. ಕಥೆಯು ಅಲ್ಲಿಗೇ ಮುಗಿಯುವುದಿಲ್ಲ. ಅರಸನಿಲ್ಲದ ನಾಡಿನಲ್ಲಿ ದಸ್ಯುಗಳು ಸುಲಿಗೆಗೆ ಹೊರಟು ಎಬ್ಬಿಸಿದ ಧೂಳನ್ನು ಕಂಡು, ಋಷಿಗಳೇ ವೇನನ ಶರೀರವನ್ನು ಮಥಿಸಿ ಪೃಥುವನ್ನು ಪಡೆಯಬೇಕಾಯಿತು. ಮಹಾಭಾರತದ ಶಾಂತಿಪರ್ವವು ಪೃಥುವಿನಿಂದ ಧರ್ಮಪಾಲನೆಯ ಪ್ರತಿಜ್ಞೆಯನ್ನು ಮಾಡಿಸುತ್ತದೆ. ದುಷ್ಟನನ್ನು ತೆಗೆದುಹಾಕಿದವರು ಆ ಸ್ಥಾನಕ್ಕೆ ತಕ್ಕವನನ್ನು ಒದಗಿಸುವ ಹೊಣೆಯನ್ನೂ, ಹೊಸಬನನ್ನು ಮಾತಿನಿಂದ ಕಟ್ಟುವ ಹೊಣೆಯನ್ನೂ ಹೊತ್ತಿರುತ್ತಾರೆಂಬುದು ಇದರಿಂದ ಸಿದ್ಧವಾಗುತ್ತದೆ.

ನಹುಷನ ಕಥೆಯು ಇನ್ನೊಂದು ಬಗೆಯದು. ಅವನು ಹುಟ್ಟಿನಿಂದ ದುಷ್ಟನಲ್ಲ. ಇಂದ್ರನಿಲ್ಲದಾಗ ದೇವತೆಗಳೂ ಋಷಿಗಳೂ ತಾವಾಗಿಯೇ ಆರಿಸಿ ಇಂದ್ರಪದವಿಯಲ್ಲಿ ಕುಳ್ಳಿರಿಸಿದ ಸಮರ್ಥನು. ಪದವಿಯ ಮದವೇರಿ ಋಷಿಗಳಿಂದ ಪಲ್ಲಕ್ಕಿಯನ್ನು ಹೊರಿಸಿದಾಗ ಸರ್ಪವಾಗಿ ಕೆಳಗುರುಳಿದನು. ಆದರೆ ಅವನಿಗೂ ಯುಧಿಷ್ಠಿರನ ಮೂಲಕ ಶಾಪವಿಮೋಚನೆಯಾಯಿತು. ಸಜ್ಜನರು ಆರಿಸಿದವನೆಂಬ ಕಾರಣದಿಂದ ಅವನು ಸಜ್ಜನನಾಗಿಯೇ ಉಳಿಯುವನೆಂಬ ನಂಬಿಕೆ ಸಲ್ಲದೆಂಬುದೂ, ಬಿದ್ದವನಿಗೆ ಬಾಗಿಲು ಸದಾ ಮುಚ್ಚಿರತಕ್ಕದ್ದಲ್ಲವೆಂಬುದೂ ಇದರ ಪಾಠಗಳು.

ಕಾರ್ತವೀರ್ಯನ ಪ್ರಸಂಗವು ಎಲ್ಲಕ್ಕಿಂತ ಕಠಿನವಾದುದು. ಆತಿಥ್ಯವನ್ನು ಪಡೆದ ಅರಸನು ಜಮದಗ್ನಿಯ ಹೋಮಧೇನುವನ್ನು ಬಲಾತ್ಕಾರದಿಂದ ಸೆಳೆದೊಯ್ದನು. ಪರಶುರಾಮನು ಅವನನ್ನು ಕೊಂದು ಧೇನುವನ್ನು ಮರಳಿ ತಂದನು. ಮಗನು ಜಯಶಾಲಿಯಾಗಿ ಬಂದಾಗ ತಂದೆಯು ಮೆಚ್ಚಲಿಲ್ಲ. ಭಾಗವತದ ಒಂಬತ್ತನೆಯ ಸ್ಕಂಧದ ಪ್ರಕಾರ, ಬ್ರಾಹ್ಮಣನ ಹಿರಿಮೆಯು ಕ್ಷಮೆಯಿಂದ ಬಂದುದೆಂದೂ ಅಭಿಷಿಕ್ತನಾದ ಅರಸನ ವಧೆಯು ಘೋರವಾದುದೆಂದೂ ಹೇಳಿ, ತೀರ್ಥಯಾತ್ರೆಯ ಪ್ರಾಯಶ್ಚಿತ್ತವನ್ನು ವಿಧಿಸಿದನು. ಮುಂದೆ ಕಾರ್ತವೀರ್ಯನ ಮಕ್ಕಳು ಜಮದಗ್ನಿಯನ್ನೇ ಕೊಂದರು. ಪರಶುರಾಮನು ೨೧ ಬಾರಿ ಭೂಮಿಯನ್ನು ಸುತ್ತಿ ಕ್ಷತ್ರಿಯರನ್ನು ಸಂಹರಿಸಿದನು. ಒಂದು ಹಸುವಿನಿಂದ ಮೊದಲಾದ ಅನ್ಯಾಯವು ರಕ್ತದ ಮಡುಗಳಲ್ಲಿ ಮುಗಿಯಿತು. ಪುರಾಣಕಾರನು ಪರಶುರಾಮನನ್ನು ಅವತಾರಪುರುಷನೆಂದು ಗೌರವಿಸುತ್ತಲೇ ಜಮದಗ್ನಿಯ ಮಾತನ್ನು ಅಳಿಸದೆ ಉಳಿಸಿರುವುದು ಸ್ಮರಣಾರ್ಹ. ಪೀಡಿತನ ಮತ ಒಂದು, ಪೀಡಿತನ ಹೆಸರಿನಲ್ಲಿ ಆಯುಧವೆತ್ತಿದವನ ಮತ ಇನ್ನೊಂದು ಎಂಬ ಸೂಕ್ಷ್ಮವನ್ನು ಇಷ್ಟು ಪ್ರಾಚೀನಕಾಲದಲ್ಲಿಯೇ ಕಂಡವರುಂಟು.

ಪ್ರಹ್ಲಾದನ ವಿಷಯವನ್ನು ಹೆಚ್ಚಾಗಿ ವಿವರಿಸಬೇಕಾದುದಿಲ್ಲ. ಬೆಂಕಿ, ವಿಷ, ಆನೆ, ಬೆಟ್ಟ, ಕಡಲುಗಳಿಗೆ ಗುರಿಯಾದ ಆ ಬಾಲಕನು ನರಸಿಂಹನು ವರವನ್ನು ಬೇಡೆಂದಾಗ ಬೇಡಿದುದು ತಂದೆಯ ಪಾಪವಿಮೋಚನೆಯನ್ನು. ಹಿಂಸಕನ ಸದ್ಗತಿಯನ್ನು ಹಿಂಸಿತನೇ ಕೋರುವ ಈ ಎಡೆಯು ಇಡೀ ಉಪಾಖ್ಯಾನಜಾತಿಯ ಶಿಖರವೆನ್ನಬಹುದು.

೪

ಇತರ ದೇಶಗಳ ಧರ್ಮಗ್ರಂಥಗಳೂ ಈ ವಸ್ತುವನ್ನು ಬಿಟ್ಟಿಲ್ಲ. ಇಬ್ರಿಯರ ಗ್ರಂಥಗಳಲ್ಲಿ ಅಹಾಬನೆಂಬ ಅರಸನು ತನ್ನ ಅರಮನೆಯ ಪಕ್ಕದ ದ್ರಾಕ್ಷಿಯ ತೋಟವನ್ನು ಬಯಸಿದನು. ತೋಟದ ಒಡೆಯನಾದ ನಾಬೋತನು ಪಿತ್ರಾರ್ಜಿತವನ್ನು ಕೊಡೆನೆಂದಾಗ, ರಾಣಿಯು ಸುಳ್ಳುಸಾಕ್ಷಿಗಳನ್ನು ಹೂಡಿ ಅವನನ್ನು ಕಲ್ಲೆಸೆದು ಕೊಲ್ಲಿಸಿದಳು. ಆಗ ಎಲೀಯನೆಂಬ ಪ್ರವಾದಿಯು ಆ ತೋಟಕ್ಕೇ ಬಂದು ಅರಸನ ಮುಖಾಮುಖಿಯಾಗಿ ನಿಂತು ಪಾಪವನ್ನು ಹೆಸರಿಟ್ಟು ಹೇಳಿದನು. ಯೆಹೋಯಾಕೀಮನೆಂಬ ಅರಸನಾದರೋ ಯೆರೆಮೀಯನು ಬರೆಯಿಸಿದ ಸುರುಳಿಯನ್ನು ಓದಿಸಿ ಕೇಳುತ್ತ, ಓದಿದ ಭಾಗವನ್ನು ಕತ್ತರಿಸಿ ಕತ್ತರಿಸಿ ಬೆಂಕಿಗೆ ಹಾಕಿದನು. ಯೆರೆಮೀಯನು ಬಾರೂಕನಿಂದ ಎಲ್ಲವನ್ನೂ ಮತ್ತೆ ಬರೆಯಿಸಿದನು. ಆರೋಗ್ಯಮಾತೆಯ ದೇವಾಲಯವಿರುವ ಹರಿಹರದಲ್ಲಿ ಈ ಕಥೆಗಳೂ ಕೇಳದವಲ್ಲ. ೬೮೦ರಲ್ಲಿ ಕರ್ಬಲೆಯಲ್ಲಿ ಯಜೀದನ ಸೈನ್ಯದಿಂದ ಹತನಾದ ಹುಸೇನನ ನೆನಪನ್ನು ಮೊಹರಮ್ಮಿನಲ್ಲಿ ಕನ್ನಡ ನಾಡಿನ ಎಷ್ಟೋ ಹಳ್ಳಿಗಳಲ್ಲಿ ಎಲ್ಲ ಮತದವರೂ ಕೂಡಿ ಆಚರಿಸುವುದೂ ಪ್ರಸಿದ್ಧ.

ಸಾಮ್ಯದೊಡನೆ ಭೇದವನ್ನೂ ಕಾಣಬೇಕು. ಪುರಾಣದ ಋಷಿಯು ಅರಣ್ಯದಲ್ಲಿರುತ್ತಾನೆ. ಅವನ ಬಲವು ತಪಸ್ಸು ಮತ್ತು ಶಾಪ. ಇಬ್ರಿಯ ಪ್ರವಾದಿಯು ನಗರದೊಳಗೆ, ಅರಮನೆಯ ಬಾಗಿಲಲ್ಲಿ ನಿಂತವನು. ಅವನಿಗೆ ಶಾಪಶಕ್ತಿಗಿಂತ ಸಂದೇಶವೇ ಮುಖ್ಯ. ಕಲ್ಯಾಣದ ಶರಣರ ಸ್ಥಿತಿಯನ್ನು ಪರಿಶೀಲಿಸಿದರೆ ಅದು ಎರಡನೆಯದಕ್ಕೇ ಹತ್ತಿರವಾದುದು. ಬಸವಣ್ಣನು ವನವಾಸಿಯಲ್ಲ, ಅರಸನ ಭಂಡಾರದ ಅಧಿಕಾರಿ. ಯಾರ ಅನ್ನವನ್ನು ಉಣ್ಣುತ್ತಿದ್ದನೋ ಅವನ ರಾಜ್ಯದ ನಡುವೆಯೇ ಕುಲಭೇದವನ್ನು ಅಲ್ಲಗಳೆದವನು. ಆದುದರಿಂದ ಅಲ್ಲಿ ಒದಗಿದ ಸಂಕಟವು ಪುರಾಣದ ಸಂಕಟಕ್ಕಿಂತ ಜಟಿಲವಾಗಿದ್ದಿತು.

೫

ಕಲ್ಯಾಣದ ವೃತ್ತಾಂತವನ್ನು ಪುರಾಣಗಳು ಹೇಳುವ ಬಗೆ ಸುಪ್ರಸಿದ್ಧ. ಹರಳಯ್ಯ ಮಧುವಯ್ಯರೆಂಬ ಶರಣರ ಮೇಲೆ ಬಿಜ್ಜಳನು ಕೋಪಗೊಂಡು ಅವರ ಕಣ್ಣುಗಳನ್ನು ಕೀಳಿಸಿದನು. ಬಸವಣ್ಣನು ಕಲ್ಯಾಣವನ್ನು ಬಿಟ್ಟು ಕೂಡಲಸಂಗಮಕ್ಕೆ ತೆರಳಿದನು. ಜಗದೇವನು ಜೊತೆಯವರೊಡನೆ ಅರಮನೆಯನ್ನು ಹೊಕ್ಕು ಅರಸನನ್ನು ಇರಿದನು. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿಯೂ, ಅದನ್ನನುಸರಿಸಿ ೧೩೬೯ರಲ್ಲಿ ಭೀಮಕವಿಯು ರಚಿಸಿದ ಕನ್ನಡ ಬಸವಪುರಾಣದಲ್ಲಿಯೂ ಕಥೆಯ ಸ್ಥೂಲರೇಖೆಯು ಹೀಗಿದೆ. ಬ್ರಾಹ್ಮಣನ ಮಗಳನ್ನು ಸಮಗಾರನ ಮಗನಿಗೆ ವಿವಾಹಮಾಡಿದುದು, ತಂದೆಗಳಿಬ್ಬರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದುದು ಮೊದಲಾದ ವಿವರಗಳು ಸಂಪ್ರದಾಯದಲ್ಲಿ ಬೆಳೆದು ಜನಮನದಲ್ಲಿ ನೆಲೆನಿಂತಿವೆ. ಕಾಲದಲ್ಲಿ ಎಲ್ಲಕ್ಕಿಂತ ಸಮೀಪವಾದ ಹರಿಹರಕವಿಯ ಬಸವರಾಜದೇವರ ರಗಳೆಯು ಅಪೂರ್ಣವಾಗಿ ದೊರೆತಿರುವುದರಿಂದ ಕೊನೆಯ ಘಟನೆಗಳಿಗೆ ಅದರ ಸಾಕ್ಷ್ಯವು ಲಭ್ಯವಿಲ್ಲ. ಜೈನರ ಬಿಜ್ಜಳರಾಯಚರಿತೆಯಾದರೋ ಬಸವನ ಪಕ್ಷದವರೇ ವಿಷಪ್ರಯೋಗದಿಂದ ಅರಸನನ್ನು ಕೊಂದರೆಂದು ಹೇಳಿ, ಹಿಂಸಕ ಹಿಂಸಿತರ ಸ್ಥಾನಗಳನ್ನೇ ಅದಲುಬದಲು ಮಾಡುತ್ತದೆ.

ಈಗ ಶಾಸನಗಳನ್ನು ನೋಡತಕ್ಕದ್ದು. ಮಂಗಳವಾಡದ ಕಳಚುರ್ಯ ಮಾಂಡಲಿಕನಾಗಿದ್ದ ಬಿಜ್ಜಳನು ಚಾಲುಕ್ಯ ಮುಮ್ಮಡಿ ತೈಲನ ದೌರ್ಬಲ್ಯವನ್ನು ಬಳಸಿಕೊಂಡು ಸುಮಾರು ೧೧೬೨ರ ವೇಳೆಗೆ ಸಾಮ್ರಾಟ್ಪದವಿಯನ್ನು ವಶಪಡಿಸಿಕೊಂಡನು. ೧೧೬೭–೬೮ರಲ್ಲಿ ಅವನ ಮಗ ಸೋವಿದೇವನು ಪಟ್ಟಕ್ಕೆ ಬಂದನು. ಒಡೆಯನ ರಾಜ್ಯವನ್ನು ಅಪಹರಿಸಿದವನೆಂಬ ದೋಷವು ಅವನಿಗೆ ನಿಶ್ಚಯವಾಗಿಯೂ ತಗುಲುತ್ತದೆ. ಆದರೆ ಅವನು ಜೈನಪಕ್ಷಪಾತಿಯಾಗಿದ್ದುದರಿಂದ ಶೈವರನ್ನು ಹಿಂಸಿಸಿದನೆಂಬ ಪ್ರಚಲಿತವಾದ ಮಾತಿಗೆ ಶಾಸನಗಳು ಒತ್ತಾಸೆಯಾಗುವುದಿಲ್ಲ. ಸುವರ್ಣವೃಷಭಧ್ವಜವು ಆ ವಂಶದ ಲಾಂಛನ. ಕಾಲಂಜರಪುರವರಾಧೀಶ್ವರನೆಂಬುದು ಅವನ ಬಿರುದು. ಈಗಿನ ಹಾವೇರಿ ಜಿಲ್ಲೆಯ ಅಬ್ಬಲೂರಿನ ಸುಮಾರು ೧೨೦೦ರ ಶಾಸನದಲ್ಲಿ ಏಕಾಂತದ ರಾಮಯ್ಯನು ಜೈನರೊಡನೆ ಪಂಥವನ್ನು ಕಟ್ಟಿ ಗೆದ್ದನೆಂದೂ, ಜೈನರು ದೂರನ್ನೊಯ್ದಾಗ ಬಿಜ್ಜಳನು ರಾಮಯ್ಯನಿಗೇ ಜಯಪತ್ರವನ್ನು ಕೊಟ್ಟನೆಂದೂ ವರ್ಣಿಸಿದೆ. ಅಲ್ಲಿ ಮೂರ್ತಿಯನ್ನು ಕಳೆದುಕೊಂಡವರು ಜೈನರು, ಮನ್ನಣೆಯನ್ನು ಪಡೆದವನು ಶೈವ. ಹೀಗಿರುವಾಗ ಮತದ್ವೇಷವೊಂದರಿಂದಲೇ ಕಲ್ಯಾಣದ ದುರಂತವನ್ನು ವಿವರಿಸಲು ಹೊರಡುವುದು ಸಾಹಸವೇ ಸರಿ. ಕುಲಮರ್ಯಾದೆಯನ್ನು ಕದಲಿಸಿದ ಒಂದು ಕ್ರಾಂತಿಗೂ, ಅಪಹೃತಸಿಂಹಾಸನದ ಮೇಲೆ ಸಾಮಂತರ ಬೆಂಬಲವನ್ನೇ ನಂಬಿ ಕುಳಿತ ಅರಸನ ಅಂಜಿಕೆಗೂ ಘರ್ಷಣೆಯಾಯಿತೆನ್ನುವುದು ಹೆಚ್ಚು ಯುಕ್ತವಾಗಿ ತೋರುತ್ತದೆ. ಅನ್ಯಾಯದಿಂದ ಪಡೆದ ಪದವಿಯನ್ನು ನ್ಯಾಯದಿಂದ ಉಳಿಸಿಕೊಳ್ಳುವುದು ದುಷ್ಕರವೆಂಬುದು ರಾಜನೀತಿಯ ಅನುಭವ.

ಇಲ್ಲಿ ಹರಿಹರದ ಸಾಕ್ಷ್ಯವು ಮತ್ತೆ ಅಪೇಕ್ಷಿತವಾಗುತ್ತದೆ. ಅಲ್ಲಿಯ ಕಳಚುರ್ಯರ ಒಂದು ಶಾಸನದಲ್ಲಿ ಆ ವಂಶದ ಮೂಲಪುರುಷನಾದ ಕೃಷ್ಣನು ಶಿವಾಂಶದಿಂದ ಹುಟ್ಟಿ, ಕಾಲಂಜರದಲ್ಲಿ ನರಮಾಂಸವನ್ನು ತಿನ್ನುತ್ತಿದ್ದ ದುಷ್ಟ ಅರಸನೊಬ್ಬನನ್ನು ಕೊಂದು ರಾಜ್ಯವನ್ನು ಪಡೆದನೆಂಬ ಕಥೆಯಿದೆ. ಪರರ ಸಿಂಹಾಸನವನ್ನು ಏರಿದ ವಂಶವು ತನ್ನ ಹಕ್ಕನ್ನು ದುಷ್ಟನಿಗ್ರಹದ ಪುರಾಣದಿಂದಲೇ ಸಮರ್ಥಿಸಿಕೊಂಡಿತು. ಮುಂದೆ ಅದೇ ವಂಶದ ಹಿರಿಯನು ಇನ್ನೊಬ್ಬರ ಪುರಾಣದಲ್ಲಿ ನಿಗ್ರಹಕ್ಕೆ ತಕ್ಕ ದುಷ್ಟನಾದನು. ದುಷ್ಟಪ್ರಭುವೆಂಬ ಪಾತ್ರವು ಸಿದ್ಧವಾದ ವೇಷದಂತೆ ಪುರಾಣಭಂಡಾರದಲ್ಲಿರುತ್ತದೆ. ಗೆದ್ದವರು ಸೋತವರಿಗೆ ಅದನ್ನು ತೊಡಿಸುತ್ತಾರೆ. ಇತಿಹಾಸವನ್ನು ಬರೆಯುವವನು ವೇಷವನ್ನು ಕಂಡೊಡನೆ ಒಳಗಿನವನನ್ನು ಬಲ್ಲೆನೆನ್ನಲಾಗದು.

ಹೀಗೆಂದ ಮಾತ್ರಕ್ಕೆ ಶರಣರು ಅನುಭವಿಸಿದ ಸಂಕಟವನ್ನು ಕಲ್ಪಿತವೆಂದು ತಳ್ಳಿಹಾಕುವುದು ಎಳ್ಳಷ್ಟೂ ಸಲ್ಲದು. ಅರಸನ ಶಾಸನಗಳು ಅರಸನ ಅಪರಾಧಗಳನ್ನು ಕೆತ್ತಿಸುವುದಿಲ್ಲ. ಕಣ್ಣನ್ನು ಕಳೆದುಕೊಂಡ ಸಮಗಾರನಿಗೆ ಶಿಲಾಶಾಸನವನ್ನು ಹಾಕಿಸುವವರಾರು? ಅಂಥವರ ನೋವಿಗೆ ಜನರ ನಾಲಗೆಯೊಂದೇ ಶಾಸನ. ಬೇರೆ ಬೇರೆ ಪುರಾಣಗಳು ವಿವರಗಳಲ್ಲಿ ಎಷ್ಟು ಭಿನ್ನವಾದರೂ, ಹರಳಯ್ಯ ಮಧುವಯ್ಯರ ಹೆಸರನ್ನು ಜೋಡಿಯಾಗಿಯೇ ಕಾಪಾಡಿಕೊಂಡು ಬಂದಿವೆ. ಬ್ರಾಹ್ಮಣನಿಗೂ ಸಮಗಾರನಿಗೂ ಒಂದೇ ದಂಡನೆಯಾಯಿತೆಂಬ ಸ್ಮೃತಿಯು ಅಷ್ಟು ದೃಢವಾಗಿ ನಿಂತಿರುವುದಕ್ಕೆ ಹಿಂದೆ ಯಾವುದೋ ಒಂದು ದಾರುಣಸತ್ಯವಿದ್ದಿರಬೇಕೆಂದು ಊಹಿಸುವುದು ನ್ಯಾಯವಾಗಿದೆ.

ಪುರಾಣಗಳ ಮೂರು ಪ್ರಶ್ನೆಗಳನ್ನು ಕಲ್ಯಾಣಕ್ಕೆ ಅನ್ವಯಿಸಿದರೆ ಬಸವಣ್ಣನ ನಡತೆಯೂ ಜಗದೇವನ ನಡತೆಯೂ ಬೇರೆಬೇರೆಯಾಗಿ ಎದ್ದು ತೋರುತ್ತವೆ. ಒಬ್ಬನು ಜಮದಗ್ನಿಯ ದಾರಿಯಲ್ಲಿ ನಡೆದು ಸಂಗಮವನ್ನು ಸೇರಿದನು, ಇನ್ನೊಬ್ಬನು ಪರಶುರಾಮನ ದಾರಿಯನ್ನು ಹಿಡಿದನು. ಅರಸನು ಅಳಿದ ಮೇಲೆ ಕಲ್ಯಾಣದಲ್ಲಿ ಪೃಥುವು ಹುಟ್ಟಲಿಲ್ಲ. ಶರಣರು ಚದುರಿದರು, ಕಳಚುರ್ಯ ರಾಜ್ಯವು ಎರಡು ದಶಕಗಳೊಳಗೆ ಕುಸಿಯಿತು, ೧೧೮೪ರ ಸುಮಾರಿಗೆ ಚಾಲುಕ್ಯ ನಾಲ್ವಡಿ ಸೋಮೇಶ್ವರನು ಮರಳಿ ಬಂದರೂ ಆ ವೈಭವವು ಮರಳಲಿಲ್ಲ. ಉಳಿದುದು ವಚನಗಳು. ಯೆರೆಮೀಯನ ಸುರುಳಿಯಂತೆ, ಸುಡಲಾಗದ ವಸ್ತುವು ಮಾತೊಂದೇ ಎಂಬುದು ಇಲ್ಲಿಯೂ ನಿಜವಾಯಿತು.

೬

ಕನ್ನಡ ಕವಿಗಳು ಈ ವಸ್ತುವನ್ನು ಒಂದೇ ಮಗ್ಗುಲಿಂದ ನೋಡಿದವರಲ್ಲವೆಂಬುದನ್ನು ಸಾಹಿತ್ಯಾಧ್ಯಾಪಕರು ವಿಶೇಷವಾಗಿ ಲಕ್ಷಿಸಬೇಕು. ಹರಿಹರಕವಿಯ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕನು ಹರಿಶ್ಚಂದ್ರಕಾವ್ಯದಲ್ಲಿ ಪಾತ್ರಗಳನ್ನು ತಿರುವಿಟ್ಟಿದ್ದಾನೆ. ಅಲ್ಲಿ ಪೀಡಕನು ಋಷಿ, ಪೀಡಿತನು ಅರಸ. ರಾಜ್ಯವನ್ನೂ ಹೆಂಡತಿಯನ್ನೂ ಮಗನನ್ನೂ ಕಳೆದುಕೊಂಡು ಸುಡುಗಾಡನ್ನು ಕಾಯುವ ದೊರೆಯು ಸತ್ಯವನ್ನು ಬಿಡಲಿಲ್ಲ. ತಪಸ್ವಿಯಾದ ವಿಶ್ವಾಮಿತ್ರನು ಪಂತಕ್ಕಾಗಿ ಸತ್ಯವಂತನನ್ನು ಸುಲಿದನು. ಕಾವಿಯನ್ನುಟ್ಟ ಮಾತ್ರದಿಂದ ಧರ್ಮವು ಬರುವುದಿಲ್ಲ, ಕಿರೀಟವನ್ನು ಧರಿಸಿದ ಮಾತ್ರದಿಂದ ಹೋಗುವುದೂ ಇಲ್ಲ. ಕಲ್ಯಾಣದ ದುರಂತದ ನೆನಪು ಇನ್ನೂ ಹಸಿಯಾಗಿದ್ದ ಪೀಳಿಗೆಯಲ್ಲಿಯೇ ಒಬ್ಬ ಶೈವಕವಿಯು ಅರಸನನ್ನು ಸತ್ಯದ ಮೂರ್ತಿಯನ್ನಾಗಿ ನಿಲ್ಲಿಸಿದುದು ಕನ್ನಡ ಸಾಹಿತ್ಯದ ಸಮಚಿತ್ತತೆಗೆ ದೊಡ್ಡ ನಿದರ್ಶನ.

ಈ ಸಮಚಿತ್ತತೆಯು ಇತ್ತೀಚಿನ ಕಾಲದಲ್ಲಿಯೂ ಪರೀಕ್ಷೆಗೆ ಬಂದಿತು. ದಾವಣಗೆರೆಯಿಂದ ೧೯೦೬ರಲ್ಲಿ ಧನುರ್ಧಾರಿ ಪತ್ರಿಕೆಯನ್ನು ಹೊರಡಿಸಿದ ಹರ್ಡೇಕರ ಮಂಜಪ್ಪನವರು ಅಲ್ಲಿಯ ವಿರಕ್ತಮಠದ ಮೃತ್ಯುಂಜಯ ಸ್ವಾಮಿಗಳೊಡನೆ ಕೂಡಿ, ೨೦ನೆಯ ಶತಮಾನದ ಎರಡನೆಯ ದಶಕದಲ್ಲಿ ಬಸವಜಯಂತಿಯನ್ನು ಬಹಿರಂಗವಾಗಿ ಆಚರಿಸುವ ಪದ್ಧತಿಯನ್ನು ಆರಂಭಿಸಿದರು. ೧೯೨೩ರಲ್ಲಿ ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರವು ಪ್ರಕಟವಾಗುವುದಕ್ಕೆ ಮುಂಚಿನ ಮಾತಿದು. ಹಿಂಸೆಗೊಳಗಾದ ಮಹಾತ್ಮನೊಬ್ಬನನ್ನು ಸ್ಮರಿಸುವ ಸಮುದಾಯಕ್ಕೆ ಎರಡು ಮಾರ್ಗಗಳಿರುತ್ತವೆ. ಹಿಂಸಕನ ದಿನವನ್ನು ನೆನೆದು ಹಗೆಯನ್ನು ಪೋಷಿಸುವುದು ಒಂದು. ಮಹಾತ್ಮನ ಹುಟ್ಟನ್ನು ನೆನೆದು ಅವನ ಮಾತನ್ನು ಪಸರಿಸುವುದು ಇನ್ನೊಂದು. ದಾವಣಗೆರೆಯವರು ಆರಿಸಿಕೊಂಡುದು ಜಯಂತಿಯನ್ನು. ಗಾಂಧೀಜಿಯ ಅಹಿಂಸಾಮಾರ್ಗವನ್ನು ಅವಲಂಬಿಸಿ ಕರ್ನಾಟಕದ ಗಾಂಧಿಯೆನಿಸಿಕೊಂಡ ಮಂಜಪ್ಪನವರಿಗೆ ಈ ಆಯ್ಕೆಯು ಸಹಜವೇ ಆಗಿದ್ದಿತು.

೭

ಮೇಲಿನ ವಿಚಾರಗಳಿಂದ ಫಲಿತವಾಗುವುದನ್ನು ಸಂಗ್ರಹಿಸಬಹುದು. ಧರ್ಮವನ್ನಾಡುವವನು ಮೊದಲು ಸಾಮದಿಂದ ಆಡಬೇಕು, ಅದನ್ನು ಅರಸನ ಎದುರಿಗೇ ಆಡಬೇಕು. ದುಷ್ಟಪ್ರಭುವಿನ ವರವು ಸಜ್ಜನರ ಭೇದವೇ ಆದುದರಿಂದ ಅವರು ಒಂದಾಗುವುದೇ ಅದಕ್ಕೆ ಪ್ರತೀಕಾರ. ಅವನನ್ನು ಕೆಡಹಿದವರಿಗೆ ಪೃಥುವನ್ನು ಹುಡುಕುವ ಹೊಣೆ ತಪ್ಪಿದ್ದಲ್ಲ. ಪೀಡಿತನ ಹೆಸರಿನಲ್ಲಿ ನಡೆದ ಪೀಡೆಯೂ ಪೀಡೆಯೇ. ಇವು ಪುರಾಣದ ಪಾಠಗಳು.

ಇತಿಹಾಸದ ಪಾಠವು ಇವಕ್ಕೆ ಸೇರಬೇಕಾದುದು. ಪುರಾಣದಲ್ಲಿ ಹಿರಣ್ಯಕಶಿಪುವಿನ ಪರವಾಗಿ ಸಾಕ್ಷಿಹೇಳುವವರಿಲ್ಲ, ಹೇಳಬೇಕಾದುದೂ ಇಲ್ಲ. ಇತಿಹಾಸದ ಅರಸನಿಗಾದರೋ ಮಕ್ಕಳುಂಟು, ಪ್ರಜೆಗಳುಂಟು, ಅವನ ಮತದವರೆಂದು ಸರಿಯಾಗಿಯೋ ತಪ್ಪಾಗಿಯೋ ಎಣಿಸಲ್ಪಟ್ಟ ಜನರು ಇಂದಿಗೂ ಉಂಟು. ಬಿಜ್ಜಳನ ಕಥೆಯನ್ನು ತರಗತಿಯಲ್ಲಿ ಹೇಳುವಾಗ ಕೇಳುವ ವಿದ್ಯಾರ್ಥಿಗಳಲ್ಲಿ ಲಿಂಗವಂತರ ಮಕ್ಕಳೂ ಜೈನರ ಮಕ್ಕಳೂ ಬ್ರಾಹ್ಮಣರ ಮಕ್ಕಳೂ ಸಮಗಾರರ ಮಕ್ಕಳೂ ಒಂದೇ ಸಾಲಿನಲ್ಲಿ ಕುಳಿತಿರುತ್ತಾರೆ. ಹರಳಯ್ಯನ ಕಣ್ಣೀರನ್ನ ಮರೆಮಾಚದೆ, ಯಾರ ಮಕ್ಕಳ ತಲೆಯ ಮೇಲೂ ಅದರ ಭಾರವನ್ನು ಹೊರಿಸದೆ, ಆ ಕಥೆಯನ್ನು ಹೇಳುವುದು ಅಧ್ಯಾಪಕನ ಧರ್ಮ. ಶಾಸನವು ಹೇಳುವುದೆಷ್ಟು, ಪುರಾಣವು ಹೇಳುವುದೆಷ್ಟು ಎಂಬ ವಿಂಗಡಣೆಯು ಪಾಂಡಿತ್ಯದ ಅಲಂಕಾರಕ್ಕಾಗಿ ಬೇಕಾದುದಲ್ಲ, ಈ ನ್ಯಾಯಕ್ಕಾಗಿ ಬೇಕಾದುದು.

ಗುಹಾರಣ್ಯದ ಕಥೆಯನ್ನು ಕಟ್ಟಿದವರು ಅಸುರನ ದೌರ್ಜನ್ಯವನ್ನು ಮುಚ್ಚಿಡಲಿಲ್ಲ, ಅವನ ವಧೆಯನ್ನೂ ಅಲ್ಲಗಳೆಯಲಿಲ್ಲ. ಆದರೂ ಅವನ ಹೆಸರಿಗೆ ತುಂಗಭದ್ರೆಯ ದಡದಲ್ಲಿ ಎಡೆಗೊಟ್ಟರು. ಅಪರಾಧವನ್ನು ನೆನಪಿನಲ್ಲಿಟ್ಟುಕೊಂಡು ದ್ವೇಷವನ್ನು ಬಿಟ್ಟುಕೊಡುವ ಈ ಕ್ರಮವೇ ಇತಿಹಾಸರಚನೆಗೆ ಮೇಲ್ಪಂಕ್ತಿಯಾಗತಕ್ಕದ್ದು.